ನೀರು ಕೊಟ್ಟ ಮೇಲೆ ಕೇಳಿದ ಪ್ರಶ್ನೆ

ಘಾನಾದ ರಾಜಧಾನಿ ಅಕ್ರಾದಿಂದ ಉತ್ತರಕ್ಕೆ ಹೊರಟ ನಮ್ಮ ವ್ಯಾನು ಅಕ್ವಾಪಿಮ್ ಬೆಟ್ಟಸಾಲನ್ನು ಏರಿ ಅಕ್ರೊಪಾಂಗ್ ತಲುಪುವಾಗ ಮಧ್ಯಾಹ್ನ ಕಳೆದಿತ್ತು. ಮಂಗಳೂರಿನ ನಮ್ಮ ಕ್ರೈಸ್ತ ಸಭೆಯಿಂದ ಎರಡು ವಾರಗಳ ಸೇವಾಯಾತ್ರೆಗೆಂದು ಹೋಗಿದ್ದ ಆರು ಮಂದಿಯನ್ನು ಅಲ್ಲಿನ ಪ್ರೆಸ್ಬಿಟೇರಿಯನ್ ಸಭೆಯ ಹಿರಿಯರೊಬ್ಬರು ತಮ್ಮ ಮನೆಯ ಜಗಲಿಯಲ್ಲಿ ಕೂರಿಸಿ, ಒಬ್ಬೊಬ್ಬರಿಗೂ ಒಂದೊಂದು ಲೋಟ ನೀರು ಕೊಡಿಸಿದರು. ನಾವು ಕುಡಿದು ಮುಗಿಸುವವರೆಗೆ ಯಾರೂ ಮಾತಾಡಲಿಲ್ಲ. ಆಮೇಲೆ ಅವರು, ಇಲ್ಲಿ ನಾವೆಲ್ಲ ಕ್ಷೇಮವಾಗಿದ್ದೇವೆ, ದಾರಿ ನಡೆದು ಬಂದವರು ನೀವು, ಬಂದ ಕಾರಣವನ್ನು ಹೇಳಿ ಎಂದರು. ಅಕಾನ್ ಜನರಲ್ಲಿ ಇದು ಹಿಂದಿನಿಂದ ಬಂದ ಪದ್ಧತಿ; ಟ್ವಿ ಭಾಷೆಯಲ್ಲಿ ಇದಕ್ಕೆ ‘ಅಮನ್ನೆ’ ಎನ್ನುತ್ತಾರೆ. ಕಾರಣ ಮೊದಲೇ ತಿಳಿದಿದ್ದರೂ ಅತಿಥಿ ಅದನ್ನು ಬಾಯಿಬಿಟ್ಟು ಹೇಳಬೇಕು. ಮನೆಗೆ ಬಂದವರಿಗೆ ಬೆಲ್ಲ-ನೀರು ಕೊಡುವುದನ್ನು ನೋಡಿ ಬೆಳೆದ ನನಗೆ ನೀರಿನ ಲೋಟ ಹೊಸದಾಗಿರಲಿಲ್ಲ, ಪ್ರಶ್ನೆ ಹೊಸದಾಗಿತ್ತು. ‘ಸೇವೆ ಮಾಡಲು ಬಂದಿದ್ದೇವೆ’ ಎಂದೆ. ಅವರು ತಲೆಯಾಡಿಸಿದರು. ಯಾವ ಸೇವೆ, ಯಾರು ಬೇಡಿದ ಸೇವೆ ಎಂದು ಮುಂದೆ ಕೇಳಿದ್ದರೆ ನನ್ನಲ್ಲಿ ಉತ್ತರವಿರಲಿಲ್ಲ.

ನಾವು ಅಕ್ರೊಪಾಂಗನ್ನೇ ಆರಿಸಿಕೊಂಡದ್ದಕ್ಕೆ ಕಾರಣ ಸ್ವಿಟ್ಜರ್ಲೆಂಡಿನ ಕ್ರೈಸ್ತ ಮಿಷನರಿ ಸಂಸ್ಥೆಯಾದ ಬಾಸೆಲ್ ಮಿಷನ್. ಮಂಗಳೂರಿಗೆ ಆ ಮಿಷನ್ 1834ರಲ್ಲಿ ಬಂದರೆ, ಆಗ ಗೋಲ್ಡ್ ಕೋಸ್ಟ್ ಎನಿಸಿಕೊಂಡಿದ್ದ ಘಾನಾದ ಕರಾವಳಿಗೆ ಅದಕ್ಕೂ ಮೊದಲು, 1828ರಲ್ಲಿ ಕಾಲಿಟ್ಟಿತ್ತು. ಅಲ್ಲಿಗೆ ಹೋದ ಮೊದಲ ನಾಲ್ವರೂ ಕೆಲವೇ ವರ್ಷಗಳಲ್ಲಿ ತೀರಿಕೊಂಡರು. ಅವರ ನಂತರ ಬಂದ ಆಂಡ್ರಿಯಾಸ್ ರೀಸ್ ಬೆಟ್ಟ ಹತ್ತಿ ಅಕ್ರೊಪಾಂಗ್‌ನಲ್ಲಿ ನೆಲೆಸಿ ಹಲವು ವರ್ಷ ದುಡಿದರೂ ಫಲ ಕಾಣಲಿಲ್ಲ. ಬಿಟ್ಟು ಹೊರಡುವ ಹೊತ್ತಿಗೆ ಅಲ್ಲಿಯ ಅರಸ, ನಿಮ್ಮ ಪುಸ್ತಕವನ್ನು ಓದಬಲ್ಲ ಕಪ್ಪು ಜನರನ್ನು ತೋರಿಸಿ, ಆಗ ನಿಮ್ಮ ಮಾತು ಕೇಳುತ್ತೇವೆ ಎಂದನಂತೆ. ಆ ಮಾತನ್ನು ಮನಸ್ಸಿಗೆ ತಂದುಕೊಂಡ ಮಿಷನ್ ಜಮೈಕಾ ಮತ್ತು ಆಂಟಿಗುವಾ ದ್ವೀಪಗಳಿಂದ ಮೊರೇವಿಯನ್ ಸಭೆಯ ಕ್ರೈಸ್ತರನ್ನು ಹುಡುಕಿ 1843ರಲ್ಲಿ ಕರೆತಂದಿತು. ಗುಲಾಮರ ಹಡಗುಗಳಲ್ಲಿ ಸಾಗಿಸಲ್ಪಟ್ಟ ಆಫ್ರಿಕನ್ನರ ವಂಶದವರು ಕುಟುಂಬ ಸಮೇತ ಕಡಲು ದಾಟಿ ಮರಳಿದರು. ಅವರಲ್ಲಿ ಹಲವರು ಅಲ್ಲಿಯೇ ಬದುಕು ಕಟ್ಟಿಕೊಂಡರು. ಮಾವಿನ ಗಿಡವನ್ನೂ ಅವರೇ ತಂದರೆಂದು ಹೇಳುತ್ತಾರೆ. ಮಾವಿನ ಮರದ ನೆರಳಿನಲ್ಲಿ ನಿಂತು ಈ ಕಥೆಯನ್ನು ಕೇಳುವಾಗ, ಮರಳುವ ಟಿಕೆಟನ್ನು ಚೀಲದಲ್ಲಿಟ್ಟುಕೊಂಡೇ ಬಂದಿದ್ದ ನನ್ನ ಎರಡು ವಾರಗಳು ಬಹಳ ಚಿಕ್ಕವಾಗಿ ಕಂಡವು. ಆ ಟಿಕೆಟ್ಟಾದರೂ ನನ್ನ ದುಡ್ಡಿನದಲ್ಲ. ಬೆಳೆ ಹಬ್ಬದ ಹರಾಜಿನಲ್ಲಿ ಒಂದು ಕುಂಬಳಕಾಯಿಗೆ ಅದರ ಬೆಲೆಯ ಐದಾರು ಪಟ್ಟು ಕೂಗಿ ನಮ್ಮ ಸಭೆಯವರು ಕೂಡಿಸಿಕೊಟ್ಟದ್ದು.

ನಾವು ಒಯ್ದಿದ್ದ ಮಕ್ಕಳ ಕಾರ್ಯಕ್ರಮವನ್ನು ಮಂಗಳೂರಿನಲ್ಲಿಯೇ ಗಂಟೆಗಂಟೆಗೂ ಬರೆದಿಟ್ಟಿದ್ದೆವು. ಅದು ಮೊದಲ ದಿನವೇ ಮುರಿದುಬಿತ್ತು. ನಾವು ಕಲಿಸಲೆಂದು ಆರಿಸಿದ್ದ ಬೈಬಲ್ ವಚನಗಳೆಲ್ಲ ಆ ಮಕ್ಕಳಿಗೆ ಬಾಯಿಪಾಠವಾಗಿದ್ದವು, ಅದೂ ಅವರದೇ ಭಾಷೆಯಲ್ಲಿ. ಅಲ್ಲಿಯ ಭಾನುವಾರ ಶಾಲೆಯ ಶಿಕ್ಷಕಿಯರು ಬೇಸರ ತೋರಿಸದೆ, ನಮಗೆ ಹಿಂದಿನ ಬೆಂಚಿನಲ್ಲಿ ಜಾಗ ಮಾಡಿಕೊಟ್ಟು ತಮ್ಮ ಪಾಠವನ್ನು ಮುಂದುವರಿಸಿದರು. ಆ ಬೆಂಚಿನಲ್ಲಿ ಕುಳಿತೇ ನಾನು ಹೆಚ್ಚು ಕಲಿತೆ.

ಒಂದು ತಪ್ಪನ್ನು ಇಲ್ಲಿ ಬರೆಯದಿದ್ದರೆ ಉಳಿದದ್ದನ್ನು ಬರೆಯಲು ನನಗೆ ಅರ್ಹತೆಯಿಲ್ಲ. ಶಾಲೆಯ ಅಂಗಳಕ್ಕೆ ಮೊಮ್ಮಗನನ್ನು ಕರೆತಂದಿದ್ದ ಅಜ್ಜಿಯೊಬ್ಬರಿಗೆ ನಾನು ಬಣ್ಣದ ಪೆನ್ಸಿಲ್‌ಗಳ ಪೆಟ್ಟಿಗೆಯನ್ನು ಚಾಚಿದೆ. ಬಲಗೈಯಲ್ಲಿ ಕ್ಯಾಮೆರಾ ಇತ್ತು, ಪೆಟ್ಟಿಗೆ ಎಡಗೈಯಲ್ಲಿತ್ತು. ಅವರು ಕೈ ಮುಂದೆ ಮಾಡಲಿಲ್ಲ. ಕೋಪವೂ ಮಾಡಿಕೊಳ್ಳಲಿಲ್ಲ, ನನ್ನ ಬಲಗೈಯನ್ನು ನೋಡುತ್ತ ಸುಮ್ಮನೆ ನಿಂತರು. ನಾನು ಕ್ಯಾಮೆರಾವನ್ನು ನೆಲದ ಮೇಲಿಟ್ಟು, ಪೆಟ್ಟಿಗೆಯನ್ನು ಬಲಗೈಗೆ ದಾಟಿಸಿಕೊಂಡು ಕೊಟ್ಟಾಗ ಎರಡೂ ಕೈಯೊಡ್ಡಿ ತೆಗೆದುಕೊಂಡು ಹರಸಿದರು. ಎಡಗೈಯಲ್ಲಿ ಕೊಡಬಾರದೆಂಬುದು ನನಗೆ ತಿಳಿಯದ ವಿಷಯವೇನಲ್ಲ. ನಮ್ಮ ಊರಿನ ಯಾವ ಅಜ್ಜಿಗೂ ನಾನು ಹಾಗೆ ಕೊಟ್ಟವಳಲ್ಲ. ಕೊಡುವುದಕ್ಕಿಂತ ಕೊಡುವ ಚಿತ್ರ ನನಗೆ ಮುಖ್ಯವಾಗಿತ್ತೆಂಬುದನ್ನು ಆ ಅಜ್ಜಿ ಒಂದೂ ಮಾತಿಲ್ಲದೆ ತೋರಿಸಿಕೊಟ್ಟರು. ಉಳಿದ ದಿನಗಳಲ್ಲಿ ಕ್ಯಾಮೆರಾ ಪೆಟ್ಟಿಗೆಯಲ್ಲೇ ಇತ್ತು, ಆದ್ದರಿಂದ ಈ ಬರಹದೊಂದಿಗೆ ಚಿತ್ರಗಳಿಲ್ಲ.

ಭಾನುವಾರದ ಆರಾಧನೆಯಲ್ಲಿ ಕಾಣಿಕೆಯನ್ನು ಹುಟ್ಟಿದ ವಾರದಂತೆ ಎತ್ತುವ ರೂಢಿಯೊಂದು ಅಲ್ಲಿದೆ. ಅಕಾನ್ ಜನರಲ್ಲಿ ಪ್ರತಿಯೊಬ್ಬರಿಗೂ ಹುಟ್ಟಿದ ವಾರದ ಹೆಸರಿರುತ್ತದೆ: ಶುಕ್ರವಾರದ ಗಂಡು ಕೋಫಿ, ಶನಿವಾರದ ಹೆಣ್ಣು ಅಮಾ. ಒಂದೊಂದು ವಾರದವರನ್ನು ಕರೆದಂತೆ ಅವರು ಬಿಳಿ ಕರವಸ್ತ್ರ ಬೀಸುತ್ತ, ಕುಣಿಯುತ್ತ ಮುಂದೆ ಹೋಗಿ ಕಾಣಿಕೆ ಹಾಕುತ್ತಾರೆ. ಯಾವ ವಾರದವರದು ಹೆಚ್ಚಾಯಿತೆಂದು ಲೆಕ್ಕವನ್ನೂ ಓದುತ್ತಾರೆ. ಹಿಂದಿನ ಸಂಜೆ ನೀನು ಯಾವ ವಾರದವಳೆಂದು ಕೇಳಿದಾಗ ನನಗೆ ಗೊತ್ತಿರಲಿಲ್ಲ. ಮನೆಗೆ ಫೋನ್ ಮಾಡಿದೆ. ‘ಬುಧವಾರ, ದೀಪ ಹಚ್ಚುವ ಹೊತ್ತು, ಮಳೆ ಬಿಟ್ಟಿರಲಿಲ್ಲ’ ಎಂದು ಅಮ್ಮ ಹೇಳಿದರು. ಮರುದಿನ ನಾನು ಅಕುವಾ ಆಗಿ, ಹತ್ತಿಪ್ಪತ್ತು ಅಕುವಾಗಳ ನಡುವೆ ಹೆಜ್ಜೆ ಹಾಕಿದೆ. ಕೆಲವರಿಗೆ ಇಂಥ ಆರಾಧನೆ ಗದ್ದಲವೆನಿಸಬಹುದು. ಸಾಲುಬೆಂಚಿನ ಮೌನದಲ್ಲಿ ಕಾಣಿಕೆಯ ಚೀಲ ದಾಟಿಸುವುದನ್ನಷ್ಟೇ ಕಂಡಿದ್ದ ನನಗೆ, ಕೊಡುವುದು ಸಂತೋಷದ ಕೆಲಸವೆಂಬುದು ಅಲ್ಲಿ ಮೈಯಿಂದ ಅರ್ಥವಾಯಿತು.

ಸಂಜೆಗಳಲ್ಲಿ ಟ್ವಿ ಕಲಿಯುವ ಪ್ರಯತ್ನ ನಡೆಯಿತು. ‘ಪಾಪಾ’ ಎಂಬ ಒಂದೇ ಪದವನ್ನು ಸ್ವರ ಏರಿಸಿ ಇಳಿಸಿ ಹೇಳಿದರೆ ಒಳ್ಳೆಯದು, ತಂದೆ, ಬೀಸಣಿಗೆ ಎಂದು ಮೂರು ಅರ್ಥ ಕೊಡುವ ಭಾಷೆ ಅದು. ಅದನ್ನು ಕಿವಿಗೊಟ್ಟು ಕೇಳಿ ಕ್ರಿಸ್ಟಾಲರ್ ಎಂಬ ಬಾಸೆಲ್ ಮಿಷನರಿ 1881ರಲ್ಲಿ ನಿಘಂಟು ಹೊರತಂದರು. ಅವರ ಬೈಬಲ್ ಅನುವಾದದ ಕೆಲಸಕ್ಕೆ ಜೊತೆಯಾದವರಲ್ಲಿ ಅಕ್ರೊಪಾಂಗ್‌ನವರೇ ಆದ, ಬಾಸೆಲ್‌ನಲ್ಲಿ ಓದಿ ಬಂದ ಡೇವಿಡ್ ಅಸಾಂಟೆ ಒಬ್ಬರು. ಅದೇ ಮಿಷನ್‌ನ ಕಿಟೆಲ್ ನಮ್ಮ ಕನ್ನಡದ ನಿಘಂಟನ್ನು ಮುಗಿಸಿದ್ದು 1894ರಲ್ಲಿ. ಇಬ್ಬರೂ ಕಲಿಸಲೆಂದು ಹೊರಟು, ವರ್ಷಗಳ ಕಾಲ ಸ್ಥಳೀಯರ ಬಳಿ ವಿದ್ಯಾರ್ಥಿಗಳಾಗಿ ಕುಳಿತವರು. ಮಿಷನರಿಗಳ ಬಗ್ಗೆ ನಮ್ಮಲ್ಲಿ ಹೊಗಳಿಕೆಯೂ ಇದೆ, ಸಿಟ್ಟೂ ಇದೆ, ಎರಡಕ್ಕೂ ಆಧಾರಗಳಿವೆ. ನನಗೆ ಮಾತ್ರ ಅವರ ಬೋಧನೆಗಳಿಗಿಂತ ಈ ಕುಳಿತು ಕೇಳಿದ ವರ್ಷಗಳೇ ದೊಡ್ಡದೆಂದು ಅನ್ನಿಸುತ್ತದೆ.

ಹೊರಡುವ ದಿನ ಮತ್ತೆ ಅದೇ ಜಗಲಿಯಲ್ಲಿ ಕುಳಿತೆವು. ಅಲ್ಲಿ ಅತಿಥಿ ತಾನಾಗಿ ಎದ್ದು ಹೋಗುವಂತಿಲ್ಲ, ದಾರಿಯನ್ನು ಬೇಡಿ ಪಡೆಯಬೇಕು. ನಾವು ಬೇಡಿದೆವು. ಹಿರಿಯರು, ಅರ್ಧ ದಾರಿಯನ್ನಷ್ಟೇ ಕೊಡುತ್ತೇನೆ ಎಂದರು. ಉಳಿದರ್ಧ ನಾವು ಮರಳಿ ಬಂದಾಗ. ನಮ್ಮಲ್ಲಿಯೂ ಹೊರಡುವವರು ಹೋಗುತ್ತೇನೆ ಎನ್ನುವುದಿಲ್ಲ, ಹೋಗಿ ಬರುತ್ತೇನೆ ಎನ್ನುತ್ತಾರೆ ಎಂದು ನಾನು ಹೇಳಿದೆ. ಅವರು ಅದನ್ನು ಕನ್ನಡದಲ್ಲಿ ಹೇಳಿಸಿ, ಎರಡು ಸಲ ತಾವೂ ಹೇಳಿ ನೋಡಿ, ಮೂರನೆಯ ಸಲಕ್ಕೆ ಸರಿಯಾಗಿ ಉಚ್ಚರಿಸಿದರು.