ಸ್ಟಾಪ್‌ಲಾಗ್ ಅಂದರೆ ಸ್ಪೆಲಿಂಗ್ ತಪ್ಪು ಅಂದುಕೊಂಡಿದ್ದೆ

ಬಳ್ಳಾರಿಯಲ್ಲಿ ಪತ್ರಿಕೋದ್ಯಮ ಎಂ.ಎ. ಓದುವವರಿಗೆ ಇಂಗ್ಲಿಷ್‌ನಲ್ಲಿ ಸುದ್ದಿ ಬರೆಯೋದನ್ನು ಕಲಿಸುತ್ತೇನೆ. ಅತಿಥಿ ಉಪನ್ಯಾಸಕ. ಹೆಸರಿಗೆ ಅತಿಥಿ, ವರ್ಕ್‌ಲೋಡ್ ಮಾತ್ರ ಮನೆಮಗನದು.

ಕ್ಲಾಸಿನಲ್ಲಿ ಜಾಸ್ತಿ ಜನ ಕನ್ನಡ ಮೀಡಿಯಂನವರು. ಅವರ ಇಂಗ್ಲಿಷ್ ಲೀಡ್, ಅಂದರೆ ಸುದ್ದಿಯ ಮೊದಲ ವಾಕ್ಯ, ಓದಿದರೆ ಒಳಗೆ ಕನ್ನಡ ಪೇಪರ್ ಕೂತಿರುತ್ತದೆ. ‘ಹಿನ್ನೆಲೆಯಲ್ಲಿ’ಯಿಂದ ಶುರುವಾದ ವಾಕ್ಯದಲ್ಲಿ ಸುದ್ದಿ ಸಿಗೋದು ಮೂವತ್ತನೇ ಪದಕ್ಕೆ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ ಬಂದರೂ ನಡೆಯುತ್ತದೆ. ಇಂಗ್ಲಿಷ್‌ನಲ್ಲಿ ಅಷ್ಟೊತ್ತು ಕಾಯಿಸಿದರೆ ಓದುವವ ಎದ್ದು ಹೋಗುತ್ತಾನೆ. ಇನ್ನೊಂದು ಕಾಟ ‘ಎನ್ನಲಾಗಿದೆ’. ಅದನ್ನೇ ಎತ್ತಿಕೊಂಡು ‘ಇಟ್ ಈಸ್ ಸೆಡ್ ದಟ್’ ಅಂತ ಬರೆದಾಗಲೆಲ್ಲ ಪಕ್ಕದಲ್ಲಿ ಕೆಂಪು ಪೆನ್ನಿನಿಂದ ‘ಯಾರು?’ ಅಂತ ಗೀಚುತ್ತೇನೆ. ಹುಡುಗರು ನನಗೆ ‘ಯಾರು ಸರ್’ ಅಂತಲೇ ಹೆಸರಿಟ್ಟಿದ್ದಾರೆ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಕ್ರೆಸ್ಟ್ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಕೊಂಡು ಹೋಯಿತಲ್ಲ, ಸೋಮವಾರ ಅದನ್ನೇ ಕ್ಲಾಸಿಗೆ ಕೊಟ್ಟೆ. ಯಾರ ಲೀಡೂ ನಿಲ್ಲಲಿಲ್ಲ. ‘ಮನೆಗೆ ಫೋನ್ ಮಾಡಿ ಅವ್ವಗೆ ಹೇಳೋ ಹಾಗೆ ಹೇಳಿ’ ಅಂದೆ. ಸಿರುಗುಪ್ಪ ಕಡೆಯ ಹುಡುಗಿಯೊಬ್ಬಳು ಎದ್ದು, ‘ಅವ್ವಾ, ಡ್ಯಾಮಿನ ಗೇಟ್ ಹರ್ಕಂಡು ಹೋಗೈತಿ, ಈ ಸಲ ಎರಡನೇ ಬೆಳಿಗೆ ನೀರು ಡೌಟು’ ಅಂದಳು. ಏನಾಯಿತು, ಯಾರಿಗೆ ಪೆಟ್ಟು, ಎರಡೂ ಬಂತು. ಇದನ್ನೇ ಇಂಗ್ಲಿಷ್‌ನಲ್ಲಿ ಬರಿ ಅಂದೆ. ಬರೆದಳು.

ಅವತ್ತೇ ಇನ್ನೊಬ್ಬ ‘ಡ್ಯಾಮಿನಿಂದ ಒಂದು ಲಕ್ಷ ಟಿಎಂಸಿ ನೀರು ಹೊರಕ್ಕೆ’ ಅಂತ ಬರೆದಿದ್ದ. ಒಂದು ಟಿಎಂಸಿ ಅಂದರೆ ನೂರು ಕೋಟಿ ಘನ ಅಡಿ, ಡ್ಯಾಮ್ ತುಂಬಿದರೂ 105 ಟಿಎಂಸಿ ಚಿಲ್ಲರೆ! ಕ್ಯೂಸೆಕ್ ಅಂದರೆ ಸೆಕೆಂಡಿಗೆ ಒಂದು ಘನ ಅಡಿ ಹರಿವು, ಒಂದು ಲಕ್ಷ ಕ್ಯೂಸೆಕ್ ನೀರು ಇಡೀ ದಿನ ಹರಿದರೆ 8.64 ಟಿಎಂಸಿ ಅಂತ ಬೋರ್ಡ್ ಮೇಲೆ ಲೆಕ್ಕ ಹಾಕಿ ತೋರಿಸಿದೆ. ಕ್ಲಾಸ್ ನಕ್ಕಿತು. ನೀರಾವರಿ ವಿಷಯ ನನಗೆ ಗೊತ್ತು ಅನ್ನೋ ಜಂಬ ತಲೆಗೇರಿದ್ದು ಅಲ್ಲೇ.

ಮುಂದೆ ಲ್ಯಾಬ್ ಜರ್ನಲ್, ಅಂದರೆ ವಿದ್ಯಾರ್ಥಿಗಳೇ ತರೋ ಪೇಪರ್, ಬಂತು. ಲೀಡ್ ಸ್ಟೋರಿ ಅದೇ ಹುಡುಗಿಯದು. ಮಧ್ಯಾಹ್ನ ಮೂರೂವರೆ, ನಾಲ್ಕಕ್ಕೆ ಪೇಜ್ ಹೋಗಬೇಕು. ಇರೋ ನಾಲ್ಕು ಕಂಪ್ಯೂಟರಲ್ಲಿ ಎರಡಕ್ಕೆ ಯುಪಿಎಸ್ ಇಲ್ಲ. ಹೊಸ ಬ್ಯಾಟರಿ ಕೇಳಿ ಬರೆದ ಪತ್ರ ಆಫೀಸಿನಲ್ಲಿ ಹಾಯಾಗಿ ಮಲಗಿದೆ. ಕರೆಂಟ್ ಯಾವಾಗ ಕೈಕೊಡುತ್ತೋ ಅಂತ ಓಡೋಡಿ ತಿದ್ದುತ್ತಿದ್ದೆ. ಒಂದು ಪದದ ಕೆಳಗೆ ಕೆಂಪು ಗೆರೆ ಎದ್ದಿತ್ತು. ಸ್ಟಾಪ್‌ಲಾಗ್. ತಾತ್ಕಾಲಿಕ ಗೇಟ್ ತಾನೇ, ‘ಸ್ಟಾಪ್‌ಗ್ಯಾಪ್’ ಅಂತ ಬರೆಯೋಕೆ ಹೋಗಿ ಎಡವಿದ್ದಾಳೆ ಅಂದುಕೊಂಡೆ. ಮೂರೂ ಕಡೆ ಬದಲಾಯಿಸಿದೆ. ಕೆಂಪು ಗೆರೆ ಮಾಯ. ಅವಳು ನನ್ನ ಬೆನ್ನ ಹಿಂದೆಯೇ ನಿಂತಿದ್ದಳು. ‘ಸರ್...’ ಅಂದಳು. ‘ಒಂದ್ನಿಮಿಷ ಇರಮ್ಮ’ ಅಂದೆ. ಆ ಒಂದು ನಿಮಿಷ ಆಮೇಲೆ ಬರಲೇ ಇಲ್ಲ.

ಬಿಡುಗಡೆಗೆ ನಮ್ಮ ಎಚ್‌ಒಡಿ ಒಬ್ಬ ನಿವೃತ್ತ ಎಂಜಿನಿಯರನ್ನು ಕರೆಸಿದ್ದರು. ಅವರು ಭಾಷಣ ಬಿಟ್ಟು ಪೇಪರ್ ಓದೋಕೆ ಕೂತರು. ಬೆರಳು ಒಂದು ಸಾಲಿನ ಮೇಲೆ ನಿಂತಿತು. ‘ಇದೇನ್ರಿ ಸ್ಟಾಪ್‌ಗ್ಯಾಪ್ ಗೇಟು? ಹರಿಯೋ ನೀರಲ್ಲಿ ಉಕ್ಕಿನ ತುಂಡುಗಳನ್ನ ಒಂದರ ಮೇಲೊಂದು ಇಳಿಸಿ ವಾರದಲ್ಲಿ ನೀರು ನಿಲ್ಲಿಸಿದ್ರಲ್ಲ, ಅದಕ್ಕೆ ಸ್ಟಾಪ್‌ಲಾಗ್ ಅಂತಾರೆ. ಬರೆದವರು ಯಾರು?’

ಬೈಲೈನ್, ಅಂದರೆ ಸುದ್ದಿಯ ಮೇಲಿನ ಹೆಸರು, ಅವಳದು. ಎದ್ದು ನಿಂತಳು. ನಾನು ಎರಡನೇ ಸಾಲಿನಲ್ಲಿ, ಅವಳಿಂದ ನಾಲ್ಕು ಕುರ್ಚಿ ದೂರ. ಎದ್ದು ‘ನಾನು’ ಅಂದಿದ್ದರೆ ಮುಗಿದುಹೋಗುತ್ತಿತ್ತು. ಎಚ್‌ಒಡಿ ಮುಖ ನೋಡಿದೆ, ಮುಂದಿನ ವರ್ಷದ ರಿನ್ಯೂವಲ್ ನೆನಪಾಯಿತು. ಕೈಯಲ್ಲಿದ್ದ ಪೇಪರನ್ನು ಸುಮ್ನೆ ಮಡಚುತ್ತಾ ಕೂತೆ. ‘ತಪ್ಪಾಗೈತ್ರಿ ಸರ್, ಸ್ಟಾಪ್‌ಲಾಗ್ ಅಂತ ಇರಬೇಕಿತ್ತು’ ಅಂದು ಅವಳು ಕೂತಳು. ನನ್ನ ಕಡೆ ತಿರುಗಿಯೂ ನೋಡಲಿಲ್ಲ. ನೋಡಿದ್ದರೇ ಚೆನ್ನಾಗಿತ್ತು.

ಕಾರಿಡಾರಿನಲ್ಲಿ ಹಿಡಿದು, ‘ನಿನಗೆ ಹೇಗೆ ಗೊತ್ತಿತ್ತು?’ ಅಂತ ಕೇಳಿದೆ. ನಾಚಿಕೆ ಮುಚ್ಚಿಕೊಳ್ಳೋ ಪ್ರಶ್ನೆ. ‘ನಮ್ಮ ಹೊಲ ಡ್ಯಾಮಿನ ಎಲ್‌ಎಲ್‌ಸಿ ಕಾಲುವೆ ಕೆಳಗೈತ್ರಿ. ಆ ವಾರ ಮನ್ಯಾಗ ಎಲ್ಲಾರ ಬಾಯಾಗೂ ಅದೇ ಪದ’ ಅಂದಳು. ಇಂಗ್ಲಿಷ್ ನಾನು ಕಲಿಸಬಹುದು. ಗೇಟಿನ ಸುದ್ದಿ ಅವಳ ಮನೆಯದು. ಆ ಪದದ ಬಗ್ಗೆ ಹತ್ತು ಸೆಕೆಂಡ್ ಕೇಳಿದ್ದರೆ ನನ್ನ ಗಂಟೇನೂ ಹೋಗುತ್ತಿರಲಿಲ್ಲ.

ಮುಂದಿನ ಸಂಚಿಕೆ ಇನ್ನೊಂದು ಸೆಮಿಸ್ಟರಿಗೆ. ಅಲ್ಲಿವರೆಗೆ ಕಾಯೋದು ಬೇಡ ಅಂತ ನೋಟಿಸ್ ಬೋರ್ಡಿಗೆ ಇಂಗ್ಲಿಷ್‌ನಲ್ಲಿ ಒಂದು ತಿದ್ದುಪಡಿ ಟೈಪ್ ಮಾಡಿದೆ. ಸಂಪಾದನೆಯ ವೇಳೆ ತಪ್ಪು ನುಸುಳಿದೆ, ವರದಿಗಾರ್ತಿಯದಲ್ಲ, ಅನ್ನೋ ಅರ್ಥದ ಒಂದು ಸಾಲು. ಹಾಕೋ ಮುಂಚೆ ಅವಳಿಗೆ ಕೊಟ್ಟೆ, ಓದು ಅಂತ.

ಓದಿದಳು. ನನ್ನ ಜೇಬಿನ ಕೆಂಪು ಪೆನ್ನು ಕೇಳಿ ತೆಗೆದುಕೊಂಡಳು. ‘ನುಸುಳಿದೆ’ ಅನ್ನೋ ಪದದ ಕೆಳಗೆ ಗೆರೆ ಎಳೆದು, ಪಕ್ಕದಲ್ಲಿ ಸಣ್ಣಗೆ ಬರೆದಳು: ‘ಯಾರು?’

ಇನ್ನೊಂದು ಸಲ ಟೈಪ್ ಮಾಡಿದೆ. ಈ ಸಲ ವಾಕ್ಯ ನನ್ನ ಹೆಸರಿನಿಂದ ಶುರುವಾಯಿತು.