ಊರಿನ ಸಂಕ, ಓಹಿಯೋದ ಅಂಕಪಟ್ಟಿ

ಶಿರಸಿಯಿಂದ ಕುಮಟೆಗೆ ಹೋಗುವ ದಾರಿಯಲ್ಲಿ, ದೇವಿಮನೆ ಘಟ್ಟ ಇಳಿಯುವ ಮೊದಲೇ ಮಣ್ಣುರಸ್ತೆಗೆ ತಿರುಗಿಕೊಂಡರೆ ಸಿಗುವ ನಮ್ಮೂರಿನಲ್ಲಿ ಒಂದು ಹಳ್ಳವಿದೆ. ಬೇಸಿಗೆಯಲ್ಲಿ ಅದರಲ್ಲಿ ಪಾದ ಮುಳುಗುವಷ್ಟೂ ನೀರಿರುವುದಿಲ್ಲ; ಮಳೆ ಹಿಡಿದ ಮೇಲೆ ಅದರ ಸದ್ದು ನಮ್ಮನೆ ಜಗಲಿಯವರೆಗೆ ಕೇಳುತ್ತದೆ. ಆಚೆ ಬದಿಯ ಮನೆಗಳ ಮಕ್ಕಳು ಶಾಲೆಗೆ ಬರುವುದು ಎರಡು ಅಡಿಕೆ ಮರಗಳನ್ನು ಜೋಡಿಸಿ ಕಟ್ಟಿದ ಸಂಕದ ಮೇಲೆ. ಹಿಡಿದುಕೊಳ್ಳಲು ಒಂದು ಬಿದಿರಿನ ಗಳವಿರುತ್ತದೆ, ಮರ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕುಂಬಾಗುತ್ತದೆ, ಮತ್ತೆ ಊರವರೇ ಸೇರಿ ಹೊಸ ಮರ ಹಾಕುತ್ತಾರೆ. ಅಲ್ಲೊಂದು ಸಿಮೆಂಟಿನ ಕಾಲುಸಂಕ ಬೇಕೆಂದು ನಾನು ಶಾಲೆಗೆ ಹೋಗುತ್ತಿದ್ದ ಕಾಲದಲ್ಲೇ ಗ್ರಾಮಸಭೆಗೆ ಅರ್ಜಿ ಕೊಟ್ಟಿದ್ದರು. ಈಗಲೂ ಕೊಡುತ್ತಿದ್ದಾರೆ.

ನಾನು ಅಮೆರಿಕದ ಓಹಿಯೋ ರಾಜ್ಯದ ಮಧ್ಯಮ ಗಾತ್ರದ ನಗರವೊಂದಕ್ಕೆ ಬಂದು ಹನ್ನೊಂದು ವರ್ಷವಾಯಿತು. ಮೂರು ವರ್ಷಗಳಿಂದ ಇಲ್ಲಿನ ನಗರಾಡಳಿತದ ಅನುದಾನ ಸಲಹಾ ಸಮಿತಿಯಲ್ಲಿ ಒಬ್ಬಳಾಗಿದ್ದೇನೆ. ಸಂಬಳವಿಲ್ಲದ, ಚಳಿಗಾಲದ ಸಂಜೆಗಳನ್ನು ತಿನ್ನುವ ಕೆಲಸ. ಕೇಂದ್ರ ಸರ್ಕಾರದಿಂದ ನಗರಕ್ಕೆ ಬರುವ ಅಭಿವೃದ್ಧಿ ಅನುದಾನಕ್ಕಾಗಿ ಸಂಘ ಸಂಸ್ಥೆಗಳೂ ನಗರದ ಇಲಾಖೆಗಳೂ ಹಾಕುವ ಅರ್ಜಿಗಳನ್ನು ಓದಿ, ಅಂಕ ಕೊಟ್ಟು, ನಗರಸಭೆಗೆ ಶಿಫಾರಸು ಮಾಡುವುದು ನಮ್ಮ ಪಾಲಿನ ಹೊಣೆ. ಕಳೆದ ಮಳೆಗಾಲದಲ್ಲಿ ಫೋನಿನಲ್ಲಿ ಇದನ್ನೆಲ್ಲ ವಿವರಿಸಿದಾಗ ಅಣ್ಣ ಕೇಳಿದ್ದು ಒಂದೇ ಪ್ರಶ್ನೆ: "ಹಂಗಾರೆ ನಮ್ಮ ಸಂಕ ನಿಮ್ಮಲ್ಲಾಗಿದ್ರೆ ಪಾಸಾಗ್ತಿತ್ತನೇ ತಂಗಿ?"

ಅಂದು ಏನೋ ಹಾರಿಕೆಯ ಉತ್ತರ ಕೊಟ್ಟೆ. ಸರಿಯಾದ ಉತ್ತರ ಕೊಡಬೇಕೆಂದರೆ ಹಣ ಎಲ್ಲಿಂದ ಹೊರಟು ಹೇಗೆ ಬರುತ್ತದೆ ಎಂಬಲ್ಲಿಂದಲೇ ಶುರು ಮಾಡಬೇಕು.

ಈ ಹಣದ ಹೆಸರು ಕಮ್ಯುನಿಟಿ ಡೆವಲಪ್‌ಮೆಂಟ್ ಬ್ಲಾಕ್ ಗ್ರಾಂಟ್. ಎಲ್ಲರೂ ಸಿಡಿಬಿಜಿ ಎನ್ನುತ್ತಾರೆ. 1974ರ ಆಗಸ್ಟ್ 22ರಂದು ಅಧ್ಯಕ್ಷ ಜೆರಾಲ್ಡ್ ಫೋರ್ಡ್ ಸಹಿ ಹಾಕಿದ ವಸತಿ ಮತ್ತು ಸಮುದಾಯ ಅಭಿವೃದ್ಧಿ ಕಾಯಿದೆಯಿಂದ ಇದು ಹುಟ್ಟಿತು. ಅದಕ್ಕೂ ಮೊದಲು ಕೊಳೆಗೇರಿ ತೆರವಿಗೆ ಒಂದು, ನೀರು ಮತ್ತು ಚರಂಡಿಗೆ ಒಂದು ಎಂಬಂತೆ ಬೇರೆಬೇರೆ ಯೋಜನೆಗಳಿದ್ದವು. ಒಂದೊಂದಕ್ಕೂ ನಗರಗಳು ವಾಷಿಂಗ್ಟನ್ನಿನ ಬಾಗಿಲು ತಟ್ಟಬೇಕಿತ್ತು. ಅವನ್ನೆಲ್ಲ ಒಂದೇ ಗಂಟು ಕಟ್ಟಿ, ನಿಮ್ಮ ಊರಿಗೆ ಏನು ಬೇಕೆಂದು ನೀವೇ ತೀರ್ಮಾನಿಸಿಕೊಳ್ಳಿ, ಆದರೆ ನಾವು ಹಾಕಿದ ಗೆರೆಯೊಳಗೆ ಇರಿ ಎಂದದ್ದು ಈ ಕಾಯಿದೆ. ನಮ್ಮಲ್ಲಿ ಹದಿನೈದನೇ ಹಣಕಾಸು ಆಯೋಗದ ಅನುದಾನದಲ್ಲಿ ಟೈಡ್ (ಗೊತ್ತುಮಾಡಿದ ಕೆಲಸಕ್ಕೇ ಬಳಸಬೇಕಾದದ್ದು), ಅನ್‌ಟೈಡ್ (ಆ ಕಟ್ಟಿಲ್ಲದ್ದು) ಎಂದು ಪಂಚಾಯತಿಯವರು ಹೇಳುತ್ತಾರಲ್ಲ, ಇದು ಆ ಎರಡರ ನಡುವಿನದು ಎಂದುಕೊಳ್ಳಬಹುದು. ಇತ್ತೀಚಿನ ವರ್ಷಗಳಲ್ಲಿ ಇಡೀ ದೇಶಕ್ಕೆ ಇದರಡಿ ಸಿಗುತ್ತಿರುವುದು ವರ್ಷಕ್ಕೆ ಸುಮಾರು 330 ಕೋಟಿ ಡಾಲರ್. 2017ರಲ್ಲಿ ಅಧ್ಯಕ್ಷ ಟ್ರಂಪ್ ಅವರ ಬಜೆಟ್ ಪ್ರಸ್ತಾವ ಈ ಯೋಜನೆಯನ್ನೇ ಕೈಬಿಡಬೇಕೆಂದಿತ್ತು. ಇಲ್ಲಿನ ಸಂಸತ್ತು ಒಪ್ಪಲಿಲ್ಲ.

ಹಂಚಿಕೆಗೆ ಶಾಸಕರ ಪತ್ರವಾಗಲಿ ಸಚಿವರ ಮರ್ಜಿಯಾಗಲಿ ಬೇಕಿಲ್ಲ, ಒಂದು ಸೂತ್ರವಿದೆ. ಹಣದ ಶೇ 70 ಭಾಗ ದೊಡ್ಡ ನಗರಗಳಿಗೂ ನಮ್ಮ ಜಿಲ್ಲೆಗಳಂಥ ದೊಡ್ಡ ಕೌಂಟಿಗಳಿಗೂ ನೇರವಾಗಿ ಹೋಗುತ್ತದೆ, ಉಳಿದ ಶೇ 30 ಸಣ್ಣ ಊರುಗಳಿಗೆಂದು ರಾಜ್ಯ ಸರ್ಕಾರಗಳ ಕೈಗೆ ಹೋಗುತ್ತದೆ. ನೇರವಾಗಿ ಪಡೆಯುವ ನಗರದ ಪಾಲನ್ನು ಎರಡು ಬಗೆಯಲ್ಲಿ ಲೆಕ್ಕ ಹಾಕಿ, ಯಾವುದು ಹೆಚ್ಚೋ ಅದನ್ನು ಕೊಡುತ್ತಾರೆ. ಮೊದಲನೆಯ ಲೆಕ್ಕದಲ್ಲಿ ಬಡತನಕ್ಕೆ ಅರ್ಧ ತೂಕ, ಜನಸಂಖ್ಯೆಗೂ ಕಿಕ್ಕಿರಿದ ಮನೆಗಳಿಗೂ ಕಾಲುಕಾಲು. ಕಿಕ್ಕಿರಿದ ಮನೆ ಎಂದರೆ ಕೋಣೆಗೆ ಒಬ್ಬರಿಗಿಂತ ಹೆಚ್ಚು ಜನವಿರುವ ಮನೆ. ಚೌತಿಯ ದಿನ ನಮ್ಮ ಸೀಮೆಯ ಯಾವ ಮನೆಯೂ ಈ ಲೆಕ್ಕದಿಂದ ತಪ್ಪಿಸಿಕೊಳ್ಳಲಾರದು. ಎರಡನೆಯ ಲೆಕ್ಕವನ್ನು 1977ರಲ್ಲಿ ಸೇರಿಸಿದರು. ಅದರಲ್ಲಿ ಬಡತನಕ್ಕೆ ಶೇ 30, 1960ರ ನಂತರ ಬೆಳೆಯದೆ ಹಿಂದೆಬಿದ್ದ ಊರೆಂಬುದಕ್ಕೆ ಶೇ 20, ಉಳಿದ ಶೇ 50 ತೂಕ 1940ಕ್ಕಿಂತ ಮೊದಲು ಕಟ್ಟಿದ ಮನೆಗಳ ಸಂಖ್ಯೆಗೆ. ಕಾರ್ಖಾನೆಗಳು ಮುಚ್ಚಿ ಜನ ಗುಳೆ ಹೋದ ಓಹಿಯೋದ ಹಳೆಯ ಊರುಗಳಿಗೆ ಈ ಎರಡನೆಯ ಲೆಕ್ಕವೇ ಆಸರೆ. ಇದನ್ನು ಮೊದಲ ಬಾರಿ ಓದಿದಾಗ ನನಗೆ ನಗು ಬಂತು: ನಮ್ಮ ಕಡೆ ಅಜ್ಜನ ಕಾಲದ ಕಂಬದ ಮನೆ ಎಂದರೆ ಮನೆತನದ ಹೆಮ್ಮೆ, ಹೆಣ್ಣು ಕೊಡುವವರು ಜಗಲಿಯಲ್ಲಿ ಕೂತು ತಲೆಯೆತ್ತಿ ನೋಡುವ ತೊಲೆ, ಇಲ್ಲಿ ಅಂಥ ಮನೆ ಸೀಸದ ಬಣ್ಣ ಉದುರುವ, ನಳ ತುಕ್ಕು ಹಿಡಿದ ಬಡತನದ ಗುರುತು.

ಹಣ ನಗರಕ್ಕೆ ಬಂದಮೇಲೆ ಗೆರೆಗಳು ಬಿಗಿಯಾಗುತ್ತವೆ. ಪ್ರತಿ ಕಾಮಗಾರಿಯೂ ಮೂರು ಉದ್ದೇಶಗಳಲ್ಲಿ ಒಂದಕ್ಕೆ ಹೊಂದಬೇಕು: ಕಡಿಮೆ ಮತ್ತು ಮಧ್ಯಮ ಆದಾಯದವರಿಗೆ ಪ್ರಯೋಜನ, ಪಾಳುಬಿದ್ದ ಪ್ರದೇಶದ ನಿವಾರಣೆ, ಇಲ್ಲವೇ ತುರ್ತು ಅಗತ್ಯ. ಒಟ್ಟು ಹಣದಲ್ಲಿ ಕನಿಷ್ಠ ಶೇ 70 ಮೊದಲನೆಯ ಉದ್ದೇಶಕ್ಕೇ ಹೋಗಬೇಕು. ಈ ಆದಾಯದ ಗೆರೆಯನ್ನು ಆಯಾ ಪ್ರದೇಶದ ನಡುಮಟ್ಟದ ಕುಟುಂಬ ಆದಾಯದ ಶೇ 80ಕ್ಕೆ ಎಳೆದಿದ್ದಾರೆ. ರಸ್ತೆ, ಉದ್ಯಾನ, ಕಾಲುದಾರಿಯಂಥ ಎಲ್ಲರೂ ಬಳಸುವ ಕೆಲಸವಾದರೆ, ಅದರ ಸುತ್ತಲಿನ ನಿವಾಸಿಗಳಲ್ಲಿ ಕನಿಷ್ಠ ಶೇ 51ರಷ್ಟು ಜನ ಆ ಗೆರೆಯ ಕೆಳಗಿರಬೇಕು. ಜನಗಣತಿಯ ಅಂಕಿಯಿಂದ ಅದು ತಿಳಿಯದಷ್ಟು ಸಣ್ಣ ಕೇರಿಯಾದರೆ ಮನೆಮನೆಗೆ ಹೋಗಿ ಆದಾಯ ಕೇಳಿ ಬರೆಯಬೇಕು. ಆಡಳಿತ ವೆಚ್ಚಕ್ಕೂ ಯೋಜನೆ ತಯಾರಿಗೂ ಸೇರಿ ಶೇ 20ಕ್ಕಿಂತ ಹೆಚ್ಚು ಖರ್ಚು ಮಾಡುವಂತಿಲ್ಲ. ಮಕ್ಕಳ ತರಗತಿ, ವೃದ್ಧರ ಊಟ, ಉದ್ಯೋಗ ತರಬೇತಿಯಂಥ ಸೇವೆಗಳಿಗೆಲ್ಲ ಸೇರಿ ಶೇ 15 ಮಿತಿ.

ಜಗಳವೆಲ್ಲ ಈ ಹದಿನೈದರಲ್ಲಿ. ನಗರಕ್ಕೆ ಹತ್ತು ಲಕ್ಷ ಡಾಲರ್ ಬಂತೆಂದು ಇಟ್ಟುಕೊಳ್ಳಿ. ಸೇವೆಗೆ ಉಳಿಯುವುದು ಒಂದೂವರೆ ಲಕ್ಷ. ಅಷ್ಟಕ್ಕೆ ಊರಿನ ಎಲ್ಲ ಸೇವಾಸಂಸ್ಥೆಗಳೂ ಕೈಯೊಡ್ಡುತ್ತವೆ. ಸಿಮೆಂಟಿನ ಕೆಲಸಕ್ಕೆ ಇಂಥ ನೂಕುನುಗ್ಗಲಿಲ್ಲ, ಏಕೆಂದರೆ ಅವುಗಳಲ್ಲಿ ಹೆಚ್ಚಿನವು ನಗರದ ಇಲಾಖೆಗಳೇ ತರುವ ಅರ್ಜಿಗಳು. ಅವುಗಳ ನಕ್ಷೆ, ಅಂದಾಜು ಪಟ್ಟಿ ಎಲ್ಲವೂ ಅಚ್ಚುಕಟ್ಟಾಗಿರುತ್ತವೆ.

ಕಳೆದ ವರ್ಷದ ಒಂದು ಅರ್ಜಿಯನ್ನು ನಾನಿನ್ನೂ ಮರೆತಿಲ್ಲ. ನಿವೃತ್ತ ಶಿಕ್ಷಕಿಯೊಬ್ಬರು ಚರ್ಚಿನ ನೆಲಮಾಳಿಗೆಯಲ್ಲಿ ಶಾಲೆ ಬಿಟ್ಟಮೇಲೆ ಮಕ್ಕಳಿಗೆ ಪಾಠ ಹೇಳುತ್ತಾರೆ. ಆ ಕೇರಿಯಲ್ಲಿ ಹೆಚ್ಚಿನವರು ಬೇರೆ ದೇಶಗಳಿಂದ ಬಂದು ದುಡಿಯುವವರು. ಅರ್ಜಿಯನ್ನು ಶಿಕ್ಷಕಿ ಕೈಯಲ್ಲೇ ಬರೆದಿದ್ದರು. ಎರಡು ಪುಟದಲ್ಲಿ ಮಕ್ಕಳ ಬಗ್ಗೆ ಬರೆದು, ಬಜೆಟ್ಟಿನ ಪುಟದಲ್ಲಿ ನಾಲ್ಕೇ ಸಾಲು ತುಂಬಿದ್ದರು. ಅದರ ಜೊತೆ ಪ್ರತಿ ಮಗುವಿನ ಮನೆಯಿಂದ ಆದಾಯದ ಘೋಷಣೆ ಇರಬೇಕಿತ್ತು. ಅರ್ಧದಷ್ಟು ಮನೆಗಳಿಂದ ಬಂದಿರಲಿಲ್ಲ. ಸಮಿತಿಯ ಎದುರು ಕೂತು ಆಕೆ ಹೇಳಿದರು: ಸರ್ಕಾರದ ಮುದ್ರೆಯಿರುವ ಯಾವ ಕಾಗದಕ್ಕೂ ಆ ತಾಯಂದಿರು ಸಹಿ ಹಾಕುವುದಿಲ್ಲ, ಒತ್ತಾಯ ಮಾಡಿದರೆ ಮರುದಿನದಿಂದ ಮಕ್ಕಳನ್ನೇ ಕಳಿಸುವುದಿಲ್ಲ. ಇನ್ನೊಂದು ತೊಡಕು ಹಣ ಕೊಡುವ ಕ್ರಮದ್ದು. ಮೊದಲು ಖರ್ಚು ಮಾಡಿ, ಬಿಲ್ಲು ತೋರಿಸಿದ ಮೇಲೆ ನಗರ ಹಣ ಕೊಡುತ್ತದೆ. ನಮ್ಮಲ್ಲಿ ಬಿಲ್ಲಿಗಾಗಿ ಕಾಯುವವನು ಗುತ್ತಿಗೆದಾರ, ಅವನಿಗೆ ಕಾಯುವುದೇ ಅರ್ಧ ಕಸುಬು. ಇಲ್ಲಿ ಕಾಯಬೇಕಾದವರು ಪೆನ್ಸಿಲು ಪುಸ್ತಕಗಳನ್ನೂ ಪಿಂಚಣಿಯಿಂದ ಕೊಳ್ಳುವ ಆ ಶಿಕ್ಷಕಿ.

ಅಂಕಪಟ್ಟಿಯಲ್ಲಿ ಅಗತ್ಯಕ್ಕೆ ಒಂದು ಕಾಲಂ, ಸಂಸ್ಥೆಯ ಸಾಮರ್ಥ್ಯಕ್ಕೆ ಒಂದು, ದಾಖಲೆಗಳಿಗೆ ಒಂದು ಎಂದಿರುತ್ತದೆ. ಅಗತ್ಯದ ಕಾಲಮ್ಮಿನಲ್ಲಿ ಪೂರ್ತಿ ಅಂಕ ಕೊಟ್ಟೆ. ಉಳಿದ ಎರಡರಲ್ಲಿ ಕಡಿಮೆ ಕೊಟ್ಟೆ, ಏಕೆಂದರೆ ಮುಂದೆ ಲೆಕ್ಕ ಪರಿಶೋಧನೆಯಲ್ಲಿ ಸಿಕ್ಕಿಬಿದ್ದರೆ ಹಣ ಹಿಂತಿರುಗಿಸಬೇಕಾದ ಹೊಣೆ ನಗರದ ಮೇಲೆ ಬರುತ್ತದೆ. ಕಚೇರಿ, ಲೆಕ್ಕಿಗರು, ಅರ್ಜಿ ಬರೆಯುವುದಕ್ಕೇ ಸಂಬಳದ ಜನ ಇರುವ ಒಂದು ದೊಡ್ಡ ಸಂಸ್ಥೆಗೆ ಅದೇ ಬಗೆಯ ಕೆಲಸಕ್ಕೆ ಹಣ ಹೋಯಿತು. ಯಾರೂ ಯಾರಿಗೂ ಲಂಚ ಕೊಟ್ಟಿರಲಿಲ್ಲ, ಯಾರ ಫೋನೂ ಬಂದಿರಲಿಲ್ಲ. ನಮ್ಮ ಕಡೆ ಸಭೆಯಲ್ಲಿ ಗಂಟಲು ದೊಡ್ಡದಿರುವವನ ಕೆಲಸ ಮೊದಲಾಗುತ್ತದೆ ಎಂದು ಬೈಯುತ್ತೇವೆ. ಇಲ್ಲಿ ಗಂಟಲಿನ ಜಾಗದಲ್ಲಿ ಅರ್ಜಿ ಬರೆಯುವ ಕೈ ಇದೆ. ಅಂದು ಮನೆಗೆ ಕಾರು ಓಡಿಸುವಾಗ ನನಗೆ ನನ್ನ ಮೇಲೆಯೇ ಬೇಸರವಿತ್ತು. ಆದರೂ ಇನ್ನೊಮ್ಮೆ ಅದೇ ಹಾಳೆ ಕೈಗೆ ಕೊಟ್ಟಿದ್ದರೆ ಬೇರೆ ಅಂಕ ಬರೆಯುತ್ತಿದ್ದೆನೆಂದು ಹೇಳಲಾರೆ.

ಸಮಿತಿಯ ಶಿಫಾರಸೇ ಕೊನೆಯಲ್ಲ. ನಗರವು ಐದು ವರ್ಷಕ್ಕೊಂದು ದೊಡ್ಡ ಯೋಜನೆಯನ್ನೂ ಅದರಡಿ ವರ್ಷಕ್ಕೊಂದು ಕ್ರಿಯಾ ಯೋಜನೆಯನ್ನೂ ಕೇಂದ್ರದ ವಸತಿ ಮತ್ತು ನಗರಾಭಿವೃದ್ಧಿ ಇಲಾಖೆಗೆ ಸಲ್ಲಿಸಬೇಕು. ಕ್ರಿಯಾ ಯೋಜನೆ ಎಂಬ ನಮ್ಮ ಕಚೇರಿಗಳ ಮಾತೇ ಇದಕ್ಕೂ ಸರಿಹೊಂದುತ್ತದೆ. ಕರಡನ್ನು 30 ದಿನ ಸಾರ್ವಜನಿಕರ ಮುಂದಿಡಬೇಕು, ವರ್ಷಕ್ಕೆ ಕನಿಷ್ಠ ಎರಡು ಬಹಿರಂಗ ಸಭೆ ನಡೆಸಬೇಕು. ನಮ್ಮ ಗ್ರಾಮಸಭೆಯೂ ಆರು ತಿಂಗಳಿಗೊಮ್ಮೆ ಅಲ್ಲವೇ? ಜನ ಬರುವ ವಿಷಯದಲ್ಲಿ ಎರಡಕ್ಕೂ ವ್ಯತ್ಯಾಸವಿಲ್ಲ. ಕಳೆದ ಸಲ ಇಲ್ಲಿ ಕುರ್ಚಿ ನಲವತ್ತು ಹಾಕಿದ್ದರು, ಬಂದವರು ಏಳು ಜನ, ಅವರಲ್ಲಿ ಮೂವರು ಅರ್ಜಿದಾರರೇ. ಸಭೆ ಮುಗಿದ ಮೇಲೆ ಚುನಾಯಿತ ನಗರಸಭೆಯಲ್ಲಿ ತಮ್ಮ ವಾರ್ಡಿನ ಕಾಲುದಾರಿಯನ್ನು ಮೇಲೆತ್ತಲು ನೋಡುವ ಸದಸ್ಯರು ಇಲ್ಲಿಯೂ ಇದ್ದಾರೆ. ವರ್ಷ ಮುಗಿಯಲು 60 ದಿನವಿರುವಾಗ ಒಂದು ವರ್ಷದ ಅನುದಾನದ ಒಂದೂವರೆ ಪಟ್ಟಿಗಿಂತ ಹೆಚ್ಚು ಹಣ ಉಳಿದಿರಬಾರದೆಂಬ ನಿಯಮವಿರುವುದರಿಂದ, ಆ ದಿನಾಂಕ ಹತ್ತಿರ ಬಂದಾಗ ಕಚೇರಿಯಲ್ಲಿ ಕಾಣುವ ಓಡಾಟವನ್ನು ನೋಡಿದರೆ ನಮ್ಮ ಮಾರ್ಚ್ ಕೊನೆಯ ವಾರವೇ ನೆನಪಾಗುತ್ತದೆ.

ಆದರೆ ಒಂದು ವಿಷಯದಲ್ಲಿ ನನಗೆ ಅಸೂಯೆಯಿದೆ. ಸಭೆಯಲ್ಲಿ ಬಂದ ಅಭಿಪ್ರಾಯಗಳ ಸಾರಾಂಶವನ್ನೂ, ಒಪ್ಪದೆ ಬಿಟ್ಟ ಅಭಿಪ್ರಾಯಗಳನ್ನು ಯಾಕೆ ಬಿಟ್ಟೆವು ಎಂಬ ಕಾರಣವನ್ನೂ ಆ ಕ್ರಿಯಾ ಯೋಜನೆಗೇ ಲಗತ್ತಿಸಬೇಕು. ಶಿಕ್ಷಕಿ ಆಡಿದ ಮಾತುಗಳ ಸಾರ, ಹಣ ಸಿಗದಿದ್ದುದರ ಕಾರಣ, ಎರಡೂ ಆ ದಾಖಲೆಯಲ್ಲಿವೆ. ನಮ್ಮೂರ ಸಂಕದ ವಿಷಯ ಠರಾವು ಪುಸ್ತಕದಲ್ಲಿ ಎಷ್ಟು ಸಲ ಬಂದಿದೆಯೋ ಅಷ್ಟೂ ಸಲ ಅದರ ಮುಂದೆ "ಚರ್ಚಿಸಲಾಯಿತು" ಎಂದಷ್ಟೇ ಇದೆ. ಬೇಡವೆಂದವರು ಯಾರು, ಯಾಕೆ, ಆ ವರ್ಷದ ಹಣ ಎಲ್ಲಿಗೆ ಹೋಯಿತು ಎಂದು ಕೇಳಲು ಅಣ್ಣನಿಗೆ ಹಿಡಿಯಲೊಂದು ತುದಿಯೇ ಇಲ್ಲ. ಹಾಗೆಂದು ನಮ್ಮಲ್ಲಿ ನಿಯಮಗಳಿಗೆ ಬರವಿದೆಯೆಂದಲ್ಲ. ಶಿರಸಿ, ಕಾರವಾರದಂಥ ನಗರಸಭೆಗಳು ಪರಿಶಿಷ್ಟರಿಗೆ ಶೇ 24.10, ಇತರ ಬಡವರಿಗೆ ಶೇ 7.25, ಅಂಗವಿಕಲರಿಗೆ ಶೇ 5 ಎಂದು ಹಣ ತೆಗೆದಿಡಬೇಕು. ಫಲಾನುಭವಿಯನ್ನು ಹೀಗೆ ನೇರವಾಗಿ ಗುರುತಿಸುವ ಕ್ರಮ ಶೇ 51ರ ಲೆಕ್ಕಕ್ಕಿಂತ ಎಷ್ಟೋ ಮೇಲು ಎಂದು ನನಗೆ ಅನ್ನಿಸುತ್ತದೆ.

ಇನ್ನು ಸಂಕದ ಮಾತು. ನಮ್ಮೂರು ಓಹಿಯೋದಲ್ಲಿದ್ದಿದ್ದರೆ ಹಳ್ಳಿಯೆಂಬ ಕಾರಣಕ್ಕೆ ರಾಜ್ಯದ ಕೈಯಲ್ಲಿರುವ ಶೇ 30ರ ಪಾಲಿಗೆ ಇತರ ಹಳ್ಳಿಗಳೊಡನೆ ಸ್ಪರ್ಧಿಸಬೇಕಿತ್ತು. ಕೆಲಸ ಸಾರ್ವಜನಿಕ ಸೌಕರ್ಯದ್ದು, ಆದ್ದರಿಂದ ಅರ್ಹ. ಹಳ್ಳದ ಮೇಲಿನದಾದ್ದರಿಂದ ಪರಿಸರ ಪರಿಶೀಲನೆ ಆಗಬೇಕು, ನೆರೆ ಬರುವ ಜಾಗವಾದರೆ ಅದಕ್ಕೇ 8 ಹಂತಗಳಿವೆ. ಆ ಪರಿಶೀಲನೆ ಮುಗಿಯುವ ಮೊದಲು ಉತ್ಸಾಹದಿಂದ ಗುದ್ದಲಿ ಪೂಜೆ ಮಾಡಿ ಅಡಿಪಾಯ ತೋಡಿಬಿಟ್ಟರೆ ಹಣವೇ ಕೈತಪ್ಪೀತು, ಇದನ್ನು ಕೇಳಿ ಅಣ್ಣ ತುಂಬ ಹೊತ್ತು ನಕ್ಕ. ಕೂಲಿಯವರಿಗೆ ಆ ಪ್ರದೇಶಕ್ಕೆ ಸರ್ಕಾರ ನಿಗದಿ ಮಾಡಿದ ಮಜೂರಿಯನ್ನೇ ಕೊಡಬೇಕು, ವಾರವಾರ ಪಟ್ಟಿ ಸಲ್ಲಿಸಬೇಕು. ಎಲ್ಲ ಸರಿಹೋದರೂ ಅರ್ಜಿಯಿಂದ ಕಾಂಕ್ರೀಟಿನವರೆಗೆ ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. "ಅಷ್ಟೇ ಅನಾ?" ಎಂದು ಅವನು ಕೇಳಿದಾಗ ನನಗೆ ಮಾತು ಹೊರಡಲಿಲ್ಲ.

ಅದೆಲ್ಲಕ್ಕೂ ಮೊದಲು ಬೇಕಾದದ್ದು ಮನೆಗಳ ಪಟ್ಟಿ: ಸಂಕ ದಾಟುವವರು ಯಾರು, ಎಷ್ಟು ಜನ, ಅವರ ಆದಾಯವೆಷ್ಟು. ಹೇಗಿರುತ್ತದೆ ನೋಡೋಣ ಎಂದು ಅವನು ನಮ್ಮ ನಮೂನೆಯ ಫೋಟೊ ಕೇಳಿದ. ವಾಟ್ಸ್‌ಆ್ಯಪಿನಲ್ಲಿ ಕಳಿಸಿ ಮರೆತುಬಿಟ್ಟಿದ್ದೆ. ಮೊನ್ನೆ ಅದೇ ರೀತಿ ಗೆರೆ ಹೊಡೆದ ಒಂದು ಹಾಳೆಯ ಫೋಟೊ ಊರಿನಿಂದ ಬಂತು. ಆಚೆ ಬದಿಯ ಹದಿನಾಲ್ಕು ಮನೆಗಳು, ಮನೆಯ ಯಜಮಾನನ ಹೆಸರು, ಶಾಲೆಗೆ ಬರುವ ಮಕ್ಕಳು, ಬಸುರಿ ಬಾಣಂತಿಯರು, ಕೋಲು ಹಿಡಿದು ನಡೆಯುವವರು, ಹಾಲು ಡೇರಿಗೆ ದಿನಕ್ಕೆ ಎರಡು ಸಲ ದಾಟುವವರು, ಎಲ್ಲವನ್ನೂ ಅವನು ತನ್ನ ದುಂಡು ಅಕ್ಷರದಲ್ಲಿ ಬರೆದಿದ್ದ. ಮುಂದಿನ ಗ್ರಾಮಸಭೆಗೆ ಅರ್ಜಿಯ ಜೊತೆ ಇದನ್ನೇ ಲಗತ್ತಿಸುತ್ತಾನಂತೆ. ಕೊನೆಯ ಕಾಲಮ್ಮು ಮಾತ್ರ ಮೇಲಿನಿಂದ ಕೆಳಗಿನವರೆಗೂ ಖಾಲಿಯಿತ್ತು. ಫೋನ್ ಮಾಡಿ ಕೇಳಿದೆ. ಮನೆಗೆ ಹೋದಕೂಡಲೇ ಅವರು ಬೆಲ್ಲ ನೀರು ತಂದಿಟ್ಟರಂತೆ. ಅದನ್ನು ಕುಡಿಯುತ್ತ ಕೂತು ನಿಮ್ಮ ಆದಾಯವೆಷ್ಟೆಂದು ಕೇಳಲು ಅವನಿಗೆ ಬಾಯಿ ಬರಲಿಲ್ಲವಂತೆ.