ಪ್ಯಾನಿಕ್ ಕಾಯಿಲೆಗೆ ಆಸ್ಪತ್ರೆ ಸೇರಬೇಕೇ? ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ಮೈಸೂರಿನಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಆಗಿ ಕೆಲಸ ಮಾಡುವ ನನ್ನನ್ನು, ಇದ್ದಕ್ಕಿದ್ದಂತೆ ವಿಪರೀತ ಭಯ ನುಗ್ಗಿಬರುವ ಪ್ಯಾನಿಕ್ ಡಿಸಾರ್ಡರ್ ಎಂಬ ಕಾಯಿಲೆ ಇರುವವರಿಗಿಂತ ಹೆಚ್ಚಾಗಿ ಅವರನ್ನು ಕರೆತಂದ ಮನೆಯವರು ಕೇಳುವುದು ಒಂದೇ ಮಾತು: "ಮೇಡಂ, ಒಂದು ಹದಿನೈದು ದಿನ ಅಡ್ಮಿಟ್ ಮಾಡ್ಕೊಂಡು ಪೂರ್ತಿ ವಾಸಿ ಮಾಡಿ ಕಳಿಸ್ಬಿಡಿ, ಆಗಲ್ವಾ?" ಮಂಡ್ಯ, ಮದ್ದೂರು, ಪಾಂಡವಪುರದ ಕಡೆಯಿಂದ ಬರುವವರು ಇದನ್ನು ಇನ್ನೂ ಒತ್ತಿ ಕೇಳುತ್ತಾರೆ. ವಾರಕ್ಕೊಂದು ದಿನ ಕೆಲಸ ಕೆಡಿಸಿಕೊಂಡು ಮೈಸೂರಿಗೆ ಓಡಾಡುವುದಕ್ಕಿಂತ ಒಂದೇ ಸಲ ಮುಗಿಸಿಬಿಡುವುದು ಅವರಿಗೆ ಅನುಕೂಲವಾಗಿ ಕಾಣುತ್ತದೆ. ಹಾಗೆ ಕಾಣುವುದು ಸಹಜವೇ. ಆದರೂ ನಾನು ಬಹುತೇಕ ಎಲ್ಲರಿಗೂ ಬೇಡವೆಂದೇ ಹೇಳುತ್ತೇನೆ. ಮನೆಯಲ್ಲೇ ಇದ್ದು, ಕೆಲಸಕ್ಕೆ ಹೋಗುತ್ತಾ, ಹೊರರೋಗಿಯಾಗಿ ಬಂದು ಹೋಗಿ ಪಡೆಯುವ ಚಿಕಿತ್ಸೆಯೇ ಈ ಕಾಯಿಲೆಗೆ ಮುಖ್ಯ ಚಿಕಿತ್ಸೆ. ವಾರ್ಡಿನ ಹಾಸಿಗೆ ಅನೇಕ ಸಲ ಅದಕ್ಕೆ ಅಡ್ಡಿಯಾಗುತ್ತದೆ. ಏಕೆಂದು ಸ್ವಲ್ಪ ಬಿಡಿಸಿ ಹೇಳಬೇಕು.

ನಮ್ಮಲ್ಲಿಗೆ ಬರುವ ಹೊತ್ತಿಗೆ ಇವರ ಕೈಯಲ್ಲಿ ಒಂದು ದಪ್ಪ ಫೈಲು ಇರುತ್ತದೆ. ಮೊದಲ ಸಲ ಎದೆ ಡವಡವ ಹೊಡೆದುಕೊಂಡು, ಉಸಿರು ಕಟ್ಟಿ, ಕೈಕಾಲು ಜೋಮು ಹಿಡಿದು, ಬೆವರಿ, "ಇನ್ನೇನು ಜೀವ ಹೋಯಿತು" ಎಂದುಕೊಂಡು ರಾತ್ರೋರಾತ್ರಿ ಎಮರ್ಜೆನ್ಸಿಗೆ ಓಡಿದ ದಿನದ ಇ.ಸಿ.ಜಿ., ಆಮೇಲೆ ಹೃದಯದ ಇನ್ನೆರಡು ಪರೀಕ್ಷೆಗಳಾದ ಎಕೋ, ಟಿ.ಎಂ.ಟಿ., ಅವೆಲ್ಲ ಸರಿಯಿದ್ದುದರಿಂದ ಗ್ಯಾಸ್ಟ್ರಿಕ್ ಇರಬೇಕೆಂದು ತಿಂಗಳುಗಟ್ಟಲೆ ನುಂಗಿದ ಮಾತ್ರೆಗಳ ಚೀಟಿ, ಕೆಲವರದ್ದರಲ್ಲಿ ಎಂಡೋಸ್ಕೋಪಿ ವರದಿಯೂ ಇರುತ್ತದೆ. ನಮ್ಮ ಕಡೆ ಎದೆಯಲ್ಲಿ ಏನೇ ಆದರೂ ಗ್ಯಾಸು ಮೇಲಕ್ಕೇರಿತು ಎನ್ನುವುದು ರೂಢಿ. ಈ ಪರೀಕ್ಷೆಗಳನ್ನು ನಾನು ದಂಡವೆನ್ನುವುದಿಲ್ಲ. ಥೈರಾಯ್ಡ್ ಹೆಚ್ಚಾಗಿದ್ದರೆ, ರಕ್ತ ಕಡಿಮೆಯಿದ್ದರೆ, ಸಕ್ಕರೆ ಇಳಿದರೆ, ಹೃದಯದ ಬಡಿತದ ಲಯ ತಪ್ಪಿದರೆ ಇದೇ ಲಕ್ಷಣಗಳು ಬರಬಹುದು. ಆದ್ದರಿಂದ ಒಮ್ಮೆ ಸರಿಯಾಗಿ ನೋಡಿಸಲೇಬೇಕು. ಎಲ್ಲವೂ ಸರಿಯಿದೆಯೆಂದು ವೈದ್ಯರು ಹೇಳಿದ ಮೇಲೂ ಎರಡು ತಿಂಗಳಿಗೊಮ್ಮೆ ಮತ್ತೆ ಇ.ಸಿ.ಜಿ. ಮಾಡಿಸುತ್ತಿದ್ದರೆ, ಆ ಇ.ಸಿ.ಜಿ.ಯೇ ಕಾಯಿಲೆಯ ಒಂದು ಭಾಗವಾಗಿದೆ ಎಂದರ್ಥ.

ಈ ಲಕ್ಷಣಗಳೊಂದಿಗೆ ಒಮ್ಮೆಲೇ ಏರಿಬರುವ ಭಯವೇ ಪ್ಯಾನಿಕ್ ಅಟ್ಯಾಕ್. ಅದು ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ, ತಾನಾಗಿಯೇ ಇಳಿಯುತ್ತದೆ. ಜೀವನದಲ್ಲಿ ಒಂದೆರಡು ಸಲ ಹೀಗಾದವರು ಬಹಳ ಮಂದಿ ಇದ್ದಾರೆ, ಅವರೆಲ್ಲರಿಗೂ ಕಾಯಿಲೆಯಿದೆ ಎನ್ನಲಾಗುವುದಿಲ್ಲ. ಕಾರಣವಿಲ್ಲದೆ ಅಟ್ಯಾಕ್ ಮತ್ತೆ ಮತ್ತೆ ಬಂದು, ಇನ್ನೊಂದು ಯಾವಾಗ ಬರುತ್ತದೋ ಎಂಬ ಅಂಜಿಕೆ ಒಂದು ತಿಂಗಳಿಗೂ ಮೇಲ್ಪಟ್ಟು ಉಳಿದರೆ, ಅಥವಾ ಆ ಅಂಜಿಕೆಗಾಗಿ ಮನುಷ್ಯ ತನ್ನ ಓಡಾಟವನ್ನೇ ಬದಲಿಸಿಕೊಂಡರೆ, ಅದನ್ನು ಪ್ಯಾನಿಕ್ ಡಿಸಾರ್ಡರ್ ಎನ್ನುತ್ತಾರೆ. ನಾವು ಚಿಕಿತ್ಸೆ ಕೊಡಬೇಕಾದದ್ದು ಮುಖ್ಯವಾಗಿ ಈ ಅಂಜಿಕೆಗೆ ಮತ್ತು ಬದಲಾದ ಓಡಾಟಕ್ಕೆ.

ಓಡಾಟ ಹೇಗೆ ಬದಲಾಗುತ್ತದೆ ಎಂಬುದಕ್ಕೆ ನಮ್ಮ ಬೆಂಗಳೂರು ರಸ್ತೆಯೇ ಸಾಕ್ಷಿ. 2023ರಲ್ಲಿ ಎಕ್ಸ್‌ಪ್ರೆಸ್‌ವೇ ಉದ್ಘಾಟನೆಯಾದ ಮೇಲೆ ತಡೆರಹಿತ ಬಸ್ಸುಗಳು ಶ್ರೀರಂಗಪಟ್ಟಣ, ಮಂಡ್ಯ, ಮದ್ದೂರುಗಳ ಒಳಗೆ ಬಾರದೆ ಬೈಪಾಸಿನಲ್ಲೇ ಹೊರಟುಹೋಗುತ್ತವೆ. ಎಲ್ಲರಿಗೂ ಸಮಯ ಉಳಿಯಿತು. ನನ್ನ ಬಳಿ ಬರುವವರಿಗೆ ಮಾತ್ರ ಅದೇ ಬಸ್ಸು ಹತ್ತಲಾಗದ ಬಸ್ಸಾಯಿತು, ಏಕೆಂದರೆ ನಡುವೆ ಇಳಿಯಲು ಬರುವುದಿಲ್ಲ. ಅವರು ಈಗಲೂ ಊರೂರಿನಲ್ಲಿ ನಿಲ್ಲುವ ಬಸ್ಸನ್ನೇ ಹುಡುಕಿ, ಬಾಗಿಲ ಪಕ್ಕದ ಸೀಟನ್ನೇ ಹಿಡಿದು, ದಾರಿಯುದ್ದಕ್ಕೂ ಯಾವ ಆಸ್ಪತ್ರೆ ಎಲ್ಲಿದೆ ಎಂದು ಲೆಕ್ಕ ಹಾಕುತ್ತಾ ಹೋಗುತ್ತಾರೆ. ಕಲ್ಯಾಣ ಮಂಟಪದಲ್ಲಿ ಊಟದ ಪಂಕ್ತಿಯ ನಡುವೆ ಕೂರುವುದಿಲ್ಲ. ಕ್ಷೌರದ ಅಂಗಡಿಯ ಕುರ್ಚಿಯಲ್ಲಿ ಕೂತರೆ ಅರ್ಧಕ್ಕೆ ಎದ್ದು ಹೋಗಲಾಗುವುದಿಲ್ಲವೆಂದು ಮನೆಯಲ್ಲೇ ಕತ್ತರಿ ಆಡಿಸಿಕೊಳ್ಳುವವರೂ ಇದ್ದಾರೆ. ಈಗ ಯೋಚಿಸಿ: ತಲೆಯ ಬಳಿ ಆಕ್ಸಿಜನ್, ಕರೆದರೆ ಬರುವ ನರ್ಸು, ಕಾರಿಡಾರಿನಲ್ಲಿ ಡಾಕ್ಟರು ಇರುವ ವಾರ್ಡಿನಲ್ಲಿ ಇವರನ್ನು ಮಲಗಿಸಿದರೆ ಭಯ ಹುಟ್ಟುವ ಸಂದರ್ಭವೇ ಇರುವುದಿಲ್ಲ. ಹದಿನೈದು ದಿನ ಅಟ್ಯಾಕ್ ಬರಲಿಲ್ಲವೆಂದು ಎಲ್ಲರೂ ಖುಷಿಯಾಗಿ ಡಿಸ್ಚಾರ್ಜ್ ಆಗುತ್ತಾರೆ, ಬಸ್ ಸ್ಟ್ಯಾಂಡಿಗೆ ಬಂದೊಡನೆ ಎದೆ ಮತ್ತೆ ಹೊಡೆದುಕೊಳ್ಳುತ್ತದೆ. ಗದ್ದೆಗೆ ಹೊಡೆಯಬೇಕಾದ ಗೊಬ್ಬರವನ್ನು ತಿಪ್ಪೆಯಲ್ಲೇ ಬಿಟ್ಟು, ಪೈರು ಏಕೆ ಏಳಲಿಲ್ಲ ಎಂದು ಕೇಳಿದಂತಾಗುತ್ತದೆ. ಇನ್ನೂ ಕೆಟ್ಟದ್ದೆಂದರೆ, ಆಸ್ಪತ್ರೆಯ ಗೋಡೆಯೊಳಗಿದ್ದರೆ ಮಾತ್ರ ತಾನು ಬದುಕುತ್ತೇನೆ ಎಂಬ ನಂಬಿಕೆ ಗಟ್ಟಿಯಾಗಿಬಿಡುತ್ತದೆ.

ಹಾಗಾದರೆ ಹೊರರೋಗಿ ಚಿಕಿತ್ಸೆಯಲ್ಲಿ ಏನು ನಡೆಯುತ್ತದೆ? ಸಿಬಿಟಿ ಎಂದು ಕರೆಯುವ ಮಾತಿನ ಚಿಕಿತ್ಸೆಯೇ ಅದರ ಬೆನ್ನೆಲುಬು. ವಾರಕ್ಕೊಂದು ಸಲ, ಹೆಚ್ಚುಕಡಿಮೆ ಒಂದು ಗಂಟೆ, ಎರಡು ಮೂರು ತಿಂಗಳು. ಆಮೇಲೆ ಅಂತರ ಹೆಚ್ಚಿಸುತ್ತಾ ಹೋಗುತ್ತೇವೆ. ಯಾವ ಕಾಯಿಲೆಗೆ ಯಾವ ಚಿಕಿತ್ಸೆ ಎಂದು ಸಲಹೆ ಕೊಡುವ ಬ್ರಿಟನ್ನಿನ ನೈಸ್ ಸಂಸ್ಥೆಯ ಮಾರ್ಗಸೂಚಿ ಕೂಡ ಬಹುಪಾಲು ಜನರಿಗೆ ಒಟ್ಟು 7ರಿಂದ 14 ಗಂಟೆಗಳ ಸಿಬಿಟಿಯನ್ನೇ ಹೇಳುತ್ತದೆ. ಗಂಟೆಗಳ ಲೆಕ್ಕ ಇಷ್ಟು ಕಡಿಮೆಯಿರಲು ಕಾರಣ, ನಿಜವಾದ ಕೆಲಸ ಎರಡು ಭೇಟಿಗಳ ನಡುವಿನ ವಾರದಲ್ಲಿ, ರೋಗಿಯ ಊರಿನಲ್ಲಿ ನಡೆಯಬೇಕು ಎಂಬುದು. ಇದರ ಹಿಂದಿರುವ ತರ್ಕವನ್ನು ಡೇವಿಡ್ ಕ್ಲಾರ್ಕ್ ಎಂಬ ಮನೋವಿಜ್ಞಾನಿ 1986ರಲ್ಲಿ ವಿವರಿಸಿದರು: ಮೆಟ್ಟಿಲು ಹತ್ತಿದ್ದಕ್ಕೋ, ಎರಡು ಲೋಟ ಸ್ಟ್ರಾಂಗ್ ಕಾಫಿ ಕುಡಿದದ್ದಕ್ಕೋ, ನಿದ್ದೆಗೆಟ್ಟದ್ದಕ್ಕೋ ಎದೆ ಬಡಿತ ಸ್ವಲ್ಪ ಏರುತ್ತದೆ, ಅದನ್ನು ಮನಸ್ಸು ಹಾರ್ಟ್ ಅಟ್ಯಾಕ್ ಎಂದು ಓದುತ್ತದೆ, ಆ ಓದಿನಿಂದ ಭಯ, ಭಯದಿಂದ ಬಡಿತ ಇನ್ನಷ್ಟು, ಅದರಿಂದ ಭಯ ಮತ್ತಷ್ಟು. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಬೇಕು.

ಮುರಿಯುವ ಬಗೆಯನ್ನು ಹೇಳಿದರೆ ಮನೆಯವರು ನನ್ನನ್ನೇ ಅನುಮಾನದಿಂದ ನೋಡುತ್ತಾರೆ. ಹೃದ್ರೋಗ, ಆಸ್ತಮಾ, ಮೂರ್ಛೆರೋಗ, ಗರ್ಭಧಾರಣೆ ಇಂಥವು ಇಲ್ಲವೆಂದು ವೈದ್ಯರಿಂದ ಖಚಿತಪಡಿಸಿಕೊಂಡ ಮೇಲೆ, ಎದುರು ಕುರ್ಚಿಯಲ್ಲಿ ಕೂತವರಿಗೆ ಒಂದು ನಿಮಿಷ ಬಾಯಿ ತೆರೆದು ಜೋರಾಗಿ, ಬೇಗ ಬೇಗ ಉಸಿರಾಡಲು ಹೇಳುತ್ತೇನೆ. ನಾನೂ ಅವರ ಜೊತೆ ಹಾಗೆಯೇ ಮಾಡುತ್ತೇನೆ. ಅರ್ಧ ನಿಮಿಷ ಕಳೆಯುವಷ್ಟರಲ್ಲಿ ತುಟಿಯ ಸುತ್ತ ಚುಮುಚುಮು, ಬೆರಳ ತುದಿಯಲ್ಲಿ ಜೋಮು, ತಲೆ ಹಗುರಾಗಿ ತೇಲಿದಂತೆ. ಒಬ್ಬರು ಕುರ್ಚಿಯ ಕೈ ಬಿಗಿಯಾಗಿ ಹಿಡಿದು, "ಇದೇ ಮೇಡಂ, ಇದೇ ಬರೋದು ನಂಗೆ" ಎಂದು ಅಳುವಂತಾದರು. ಅತಿಯಾಗಿ ಉಸಿರಾಡಿದರೆ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಜೋಮು ಮತ್ತು ತಲೆಸುತ್ತು ಬರುತ್ತದೆ, ಉಸಿರು ನಿಧಾನವಾದರೆ ತಾನೇ ಹೋಗುತ್ತದೆ ಎಂದು ಬಾಯಲ್ಲಿ ಎಷ್ಟು ಹೇಳಿದರೂ ನಂಬದವರು, ತಮ್ಮ ಕೈಯಾರೆ ಅದನ್ನು ತಂದು, ತಮ್ಮ ಕಣ್ಣ ಮುಂದೆಯೇ ಹೋಗುವುದನ್ನು ನೋಡಿದ ಮೇಲೆ ಸ್ವಲ್ಪ ನಂಬುತ್ತಾರೆ. ಕುರ್ಚಿಯಲ್ಲಿ ಸುತ್ತುವುದು, ಸಣ್ಣ ಕೊಳವೆಯ ಮೂಲಕ ಉಸಿರಾಡುವುದು, ನಿಂತಲ್ಲೇ ಓಡುವುದು ಇಂಥ ಅಭ್ಯಾಸಗಳೂ ಇವೆ. ಚಾಮುಂಡಿ ಬೆಟ್ಟದ ಮೆಟ್ಟಿಲು ಮೈಸೂರಿನವರಿಗೆ ಪುಕ್ಕಟೆ ಸಿಕ್ಕಿರುವ ಚಿಕಿತ್ಸಾ ಸಾಧನ. ಬಡಿತ ಏರಿದರೂ ಏನೂ ಆಗುವುದಿಲ್ಲವೆಂಬುದನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಅಂದಹಾಗೆ, ಅಟ್ಯಾಕ್ ಬಂದಾಗ ಕಾಗದದ ಚೀಲವನ್ನು ಮೂತಿಗೆ ಹಿಡಿಯಿರಿ ಎಂಬ ಹಳೆಯ ಸಲಹೆಯನ್ನು ಈಗ ಯಾರೂ ಕೊಡಬಾರದು. ತೊಂದರೆ ನಿಜವಾಗಿ ಹೃದಯದ್ದೋ ಶ್ವಾಸಕೋಶದ್ದೋ ಆಗಿದ್ದರೆ ಅದು ಅಪಾಯ.

ಎರಡನೆಯ ಭಾಗ ಊರಿನಲ್ಲಿ, ರಸ್ತೆಯಲ್ಲಿ ನಡೆಯುವುದು. ಗುರುತು ಸಿಗದಂತೆ ಬದಲಿಸಿ ಒಂದು ಉದಾಹರಣೆ ಕೊಡುತ್ತೇನೆ. ಮಂಡ್ಯದಿಂದ ಮೈಸೂರಿನ ಕಾರ್ಖಾನೆಗೆ ಬರುತ್ತಿದ್ದ ಯುವಕನೊಬ್ಬ ಬಸ್ಸು ಹತ್ತುವುದನ್ನೇ ನಿಲ್ಲಿಸಿದ್ದ. ಒಟ್ಟು ದಾರಿ 45 ಕಿಲೋಮೀಟರಿನಷ್ಟು. ಮೊದಲು ಅಣ್ಣನ ಜೊತೆ ಶ್ರೀರಂಗಪಟ್ಟಣದವರೆಗೆ, ಆಮೇಲೆ ಅಣ್ಣ ಹಿಂದಿನ ಸೀಟಿನಲ್ಲಿ, ಆಮೇಲೆ ಒಬ್ಬನೇ, ಆಮೇಲೆ ಬಾಗಿಲು ಬಿಟ್ಟು ನಡುವಿನ ಕಿಟಕಿ ಸೀಟಿನಲ್ಲಿ. ಪ್ರತಿ ಪ್ರಯಾಣದಲ್ಲೂ ಭಯಕ್ಕೆ ನೂರಕ್ಕೆ ಇಷ್ಟೆಂದು ಅಂಕ ಬರೆಯಬೇಕು. ಅವನ ಪಾಕೆಟ್ ಪುಸ್ತಕದಲ್ಲಿ ಹೀಗಿತ್ತು: ಮಂಡ್ಯ ಬಿಡುವಾಗ 80, ಯಲಿಯೂರಿನ ಹತ್ತಿರ 90, ಬಾಬುರಾಯನಕೊಪ್ಪಲಿನ ಹೊತ್ತಿಗೆ 50, ಶ್ರೀರಂಗಪಟ್ಟಣದಲ್ಲಿ 20. ಯಲಿಯೂರಿನಲ್ಲಿ ಇಳಿದುಬಿಟ್ಟಿದ್ದರೆ, ಇಳಿದದ್ದರಿಂದ ಬದುಕಿದೆ ಎಂದೇ ಅವನು ತಿಳಿಯುತ್ತಿದ್ದ. ಭಯ ಇಳಿಯುವ ಮುಂಚೆ ನೀವು ಬಸ್ಸಿನಿಂದ ಇಳಿಯಬೇಡಿ ಎಂದು ನಾವು ಹಟ ಹಿಡಿಯುವುದು ಇದಕ್ಕಾಗಿಯೇ. ಕೊನೆಗೆ ಬಿಡಿಸುವುದು ಕಷ್ಟವಾದದ್ದು ಅಂಗಿ ಜೇಬಿನ ಮಾತ್ರೆ. ಅವನು ಅದನ್ನು ನುಂಗುತ್ತಲೇ ಇರಲಿಲ್ಲ; ಜೇಬಿನಲ್ಲಿದ್ದರೆ ಸಾಕಾಗಿತ್ತು. ನೀರಿನ ಬಾಟಲಿ, ಜೊತೆಗೊಬ್ಬರು, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಕೈಗಡಿಯಾರದಲ್ಲಿ ನಿಮಿಷಕ್ಕೊಮ್ಮೆ ನೋಡುವ ಬಡಿತ, ಇವೆಲ್ಲವೂ ಅದೇ ಜಾತಿಯವು. ಇವನ್ನು ಒಂದೊಂದಾಗಿ ಬಿಟ್ಟಾಗಲೇ ಚಿಕಿತ್ಸೆ ಮುಂದೆ ಸಾಗುತ್ತದೆ.

ಔಷಧಿಯ ವಿಚಾರ. ನಾನು ಮಾತ್ರೆ ಬರೆಯುವವಳಲ್ಲ, ಮನೋವೈದ್ಯರು ಬರೆಯುತ್ತಾರೆ. ನಾವು ಒಬ್ಬರ ಚೀಟಿ ಇನ್ನೊಬ್ಬರು ನೋಡಿಕೊಂಡು ಕೆಲಸ ಮಾಡುತ್ತೇವೆ. ಸಾಮಾನ್ಯವಾಗಿ ಬರೆಯುವ ಎಸಿಟಲೋಪ್ರಾಮ್, ಸರ್ಟ್ರಲಿನ್ ಮುಂತಾದವು ಚಟ ಹಿಡಿಸುವ ನಿದ್ದೆ ಮಾತ್ರೆಗಳಲ್ಲ. ಇವು ಕೆಲಸ ಮಾಡಲು ಕೆಲವು ವಾರ ಬೇಕು, ಮೊದಲ ವಾರದಲ್ಲಿ ತಳಮಳ ತುಸು ಹೆಚ್ಚಾಗಲೂಬಹುದು. ಆದ್ದರಿಂದಲೇ ಸಣ್ಣ ಪ್ರಮಾಣದಿಂದ ಶುರುಮಾಡುತ್ತಾರೆ. ಈ ಒಂದು ಮಾತನ್ನು ಮೊದಲೇ ಹೇಳದಿದ್ದರೆ ರೋಗಿ ನಾಲ್ಕನೆಯ ದಿನ "ನಂಗೆ ಆಗಿಬರ್ಲಿಲ್ಲ" ಎಂದು ಬಿಟ್ಟುಬಿಡುತ್ತಾನೆ. ಗುಣವಾದ ಮೇಲೂ ಕನಿಷ್ಠ ಆರು ತಿಂಗಳು ಮುಂದುವರಿಸಿ, ವೈದ್ಯರು ಹೇಳಿದಂತೆ ನಿಧಾನವಾಗಿ ಇಳಿಸಬೇಕು. ತಳಮಳವನ್ನು ಕೂಡಲೇ ತಗ್ಗಿಸುವ ಆಲ್ಪ್ರಜೋಲಮ್ ಎಂಬ ಮಾತ್ರೆಯದು ಬೇರೆ ಕಥೆ. ಅದು ಅರ್ಧ ಗಂಟೆಯಲ್ಲೇ ಹಿತವೆನಿಸುತ್ತದೆ, ಅದಕ್ಕಾಗಿಯೇ ಚಟ ಹಿಡಿಸುವ ಅಪಾಯ. ಚೀಟಿಯಿಲ್ಲದೆ ಮಾರುವಂತಿಲ್ಲ, ಮಾರಿದ್ದನ್ನು ಔಷಧಿ ಅಂಗಡಿಯವರು ಪುಸ್ತಕದಲ್ಲಿ ಬರೆದಿಡಬೇಕೆಂಬ ನಿಯಮವಿದೆ. ಆದರೂ ವರ್ಷಗಟ್ಟಲೆ ನುಂಗಿ ಬರುವವರನ್ನು ನೋಡುತ್ತೇನೆ. ಅವರು ನನ್ನ ಮಾತು ಕೇಳಿ ಒಂದೇ ದಿನಕ್ಕೆ ನಿಲ್ಲಿಸಬಾರದು, ಫಿಟ್ಸ್ ಬರಬಹುದು. ಮನೋವೈದ್ಯರ ಕೈಯಲ್ಲೇ ಇಳಿಸಿಕೊಳ್ಳಬೇಕು.

ಎಲ್ಲಿಗೆ ಹೋಗಬೇಕು? ಮೈಸೂರಿನ ಕೆ.ಆರ್. ಆಸ್ಪತ್ರೆ, ಜೆ.ಎಸ್.ಎಸ್. ಆಸ್ಪತ್ರೆ, ಮಂಡ್ಯದ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆಯಾದ ಮಿಮ್ಸ್, ಈ ಮೂರರಲ್ಲೂ ಮನೋವೈದ್ಯ ವಿಭಾಗವಿದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋವೈದ್ಯರು ಮಂಗಳವಾರ ಬರುವ ಮನೋಚೈತನ್ಯ ಎಂಬ ಸರ್ಕಾರಿ ಕಾರ್ಯಕ್ರಮವಿದೆ. ಹೊರಗೆ ಕಾಲಿಡಲೂ ಆಗದಷ್ಟು ಹೆದರಿದವರು 14416ಕ್ಕೆ ಕರೆ ಮಾಡಬಹುದು. 2022ರ ಅಕ್ಟೋಬರಿನಲ್ಲಿ ಶುರುವಾದ ಟೆಲಿ ಮಾನಸ್ ಸೇವೆಯದು, ಉಚಿತ, ಕನ್ನಡದಲ್ಲೇ ಮಾತಾಡಬಹುದು. ಸರ್ಕಾರಿ ಓಪಿಡಿಯ ಜನಜಂಗುಳಿಯಲ್ಲಿ ಒಬ್ಬ ವೈದ್ಯರು ನಿಮಗೆ ಒಂದು ಗಂಟೆ ಕೊಡಲಾರರು. ಆದ್ದರಿಂದ ರೋಗನಿರ್ಣಯ ಮತ್ತು ಔಷಧಿಯನ್ನು ಅಲ್ಲಿ ಪಡೆದು, ಸಿಬಿಟಿಗೆ ಕ್ಲಿನಿಕಲ್ ಸೈಕಾಲಜಿಸ್ಟ್ ಯಾರಿದ್ದಾರೆಂದು ಅಲ್ಲಿಯೇ ಕೇಳುವುದು ಒಳ್ಳೆಯದು. ಹೊರಗೆ ಖಾಸಗಿಯಾಗಿ ಹೋಗುವುದಾದರೆ ಕ್ಲಿನಿಕಲ್ ಸೈಕಾಲಜಿಸ್ಟ್‌ಗಳನ್ನು ನೋಂದಾಯಿಸುವ ಭಾರತೀಯ ಪುನರ್ವಸತಿ ಪರಿಷತ್ತಿನ (ಆರ್.ಸಿ.ಐ.) ನೋಂದಣಿ ಇದೆಯೇ ಎಂದು ಸಂಕೋಚವಿಲ್ಲದೆ ಕೇಳಿ. ಬೋರ್ಡು ಹಾಕಿದವರೆಲ್ಲರೂ ತರಬೇತಾದವರಲ್ಲ. ಬರೀ ಧೈರ್ಯದ ಮಾತು ಹೇಳಿ ಕಳಿಸುವವರು, ಎರಡು ಭೇಟಿಗಳ ನಡುವೆ ಊರಿನಲ್ಲಿ ಮಾಡಬೇಕಾದ ಅಭ್ಯಾಸವನ್ನೇ ಕೊಡದವರು ಸಿಬಿಟಿ ಮಾಡುತ್ತಿಲ್ಲ.

ಅಡ್ಮಿಟ್ ಮಾಡಿ ಎನ್ನುವುದರ ಹಿಂದೆ ಇನ್ನೊಂದು ಕಾರಣವೂ ಇರುತ್ತದೆ, ಅದನ್ನು ಜನ ಮೆಲ್ಲಗೆ ಹೇಳುತ್ತಾರೆ: ವಿಮೆ. 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ವಿಮಾ ಕಂಪನಿಗಳು ದೈಹಿಕ ಕಾಯಿಲೆಗೆ ಕೊಡುವಂತೆಯೇ ಮಾನಸಿಕ ಕಾಯಿಲೆಗೂ ರಕ್ಷಣೆ ಕೊಡಬೇಕು. ಆದರೆ ಹೆಚ್ಚಿನ ಪಾಲಿಸಿಗಳು ಹೊರರೋಗಿ ಖರ್ಚನ್ನೇ ಭರಿಸುವುದಿಲ್ಲವಾದ್ದರಿಂದ, ಹಾಸಿಗೆಗೆ ಹಣ ಸಿಗುತ್ತದೆ, ವಾರದ ಭೇಟಿಗೆ ಸಿಗುವುದಿಲ್ಲ. ಈ ಕಾಯಿಲೆಗೆ ಇದು ತಲೆಕೆಳಗಾದ ವ್ಯವಸ್ಥೆಯೆಂದೇ ನನ್ನ ಅಭಿಪ್ರಾಯ. ಹಾಗೆಂದು ವಿಮೆಗಾಗಿ ದಾಖಲಾಗುವುದನ್ನು ನಾನು ಒಪ್ಪುವುದಿಲ್ಲ.

ಕೆಲವರನ್ನು ಮಾತ್ರ ದಾಖಲಿಸಲೇಬೇಕು. ಸಾಯುವ ಯೋಚನೆ ಇರುವವರು, ಖಿನ್ನತೆಯಿಂದ ಊಟ ನೀರು ಬಿಟ್ಟವರು, ಭಯಕ್ಕೆಂದು ಕುಡಿತ ಶುರುಮಾಡಿ ಈಗ ಬಿಟ್ಟರೆ ಕೈ ನಡುಗುವವರು, ಆಲ್ಪ್ರಜೋಲಮ್ಮಿನಂಥ ಮಾತ್ರೆಯನ್ನು ಹೆಚ್ಚಿನ ಪ್ರಮಾಣದಲ್ಲಿ ನುಂಗುತ್ತಿರುವವರು, ಇವರಿಗೆ ವಾರ್ಡು ಬೇಕು. ಹಾಗೆಯೇ ಮೊದಲ ಸಲ ಎದೆನೋವು ಬಂದವರು, ಅದರಲ್ಲೂ ವಯಸ್ಸಾದವರು, ಸಕ್ಕರೆ ಅಥವಾ ಬಿ.ಪಿ. ಇರುವವರು, ಪ್ಯಾನಿಕ್ ಇರಬಹುದೆಂದು ಮನೆಯಲ್ಲಿ ಕೂರದೆ ನೇರವಾಗಿ ಎಮರ್ಜೆನ್ಸಿಗೆ ಹೋಗಬೇಕು. ಉಳಿದವರ ಮನೆಯವರಿಗೆ ನಾನು ಮೊದಲ ಭೇಟಿಯ ಕೊನೆಯಲ್ಲಿ ಹೇಳುವುದು ಇಷ್ಟೇ: ಸದ್ಯಕ್ಕೆ ಜೊತೆಗೆ ಬನ್ನಿ, ಆದರೆ ಕಾರು ಮಾಡಿಕೊಂಡು ಬರಬೇಡಿ, ಬಸ್ಸಿನಲ್ಲಿ ಕರೆತನ್ನಿ, ನಾಲ್ಕೈದು ವಾರ ಕಳೆದ ಮೇಲೆ ಅವರೊಬ್ಬರನ್ನೇ ಕಳಿಸಿ, ದಾರಿಯಲ್ಲಿ ಹತ್ತು ಸಲ ಫೋನ್ ಮಾಡಿ ಎಲ್ಲಿದ್ದೀಯ ಎಂದು ಕೇಳಬೇಡಿ.